ಹಬ್ಬದ ದಿನವೇ ಬಿಡುಗಡೆಯೋ, ಹಬ್ಬಕ್ಕೆ ಮೊದಲೋ?

ಪ್ರಶ್ನೆ: ನಾವು ಏಳು ಮಂದಿ ಗೆಳೆಯರು ಕೂಡಿ ಒಂದು ಸಿನಿಮಾ ಮಾಡಿದ್ದೇವೆ. ನಟರೆಲ್ಲ ಹೊಸಬರು. ತೆಂಗಿನ ತೋಟದ ಪಾಲಿನ ವಿಚಾರಕ್ಕೆ ಮಾತು ಬಿಟ್ಟ ಅಣ್ಣ ತಮ್ಮಂದಿರ ಕಥೆ. ಸೆನ್ಸಾರ್ ಆಗಿದೆ. ವಿತರಕರು ‘ಆಯುಧಪೂಜೆ ದಿನವೇ ಬನ್ನಿ, ರಜೆ ಇರುತ್ತೆ, ಜನ ಬಂದೇ ಬರ್ತಾರೆ’ ಅನ್ನುತ್ತಾರೆ. ನಮ್ಮಲ್ಲೇ ಮೂವರು ‘ಹಬ್ಬಕ್ಕೆ ಹೋದರೆ ದೊಡ್ಡ ಸಿನಿಮಾಗಳ ಕಾಲಿಗೆ ಸಿಕ್ಕು ಸಾಯ್ತೀವಿ’ ಅಂತ ಹಟ ಹಿಡಿದಿದ್ದಾರೆ. ರಜೆಯ ದಿನ ಬಿಡುಗಡೆ ಮಾಡಿದರೆ ನಿಜಕ್ಕೂ ಜನ ಹೆಚ್ಚು ಬರುತ್ತಾರಾ, ಅಥವಾ ಇರುವವರೂ ಕೈತಪ್ಪುತ್ತಾರಾ? ಬಡ್ಡಿ ಓಡುತ್ತಿದೆ, ಬೇಗ ತೀರ್ಮಾನ ಮಾಡಬೇಕು.

ಉತ್ತರ: ನಿಮ್ಮ ವಿತರಕರು ಹೇಳಿದ್ದು ಸುಳ್ಳಲ್ಲ, ಗೆಳೆಯರ ಭಯವೂ ಸುಳ್ಳಲ್ಲ. ವಿತರಕರು ಸ್ಟಾರ್ ಸಿನಿಮಾದ ಲೆಕ್ಕ ಹೇಳುತ್ತಿದ್ದಾರೆ, ಗೆಳೆಯರು ಹೊಸಬರ ಸಿನಿಮಾಗಳ ಗತಿ ನೋಡಿ ಹೆದರಿದ್ದಾರೆ. ನನ್ನ ಸಲಹೆ ಈಗಲೇ ಹೇಳಿಬಿಡುತ್ತೇನೆ: ಆಯುಧಪೂಜೆಯ ದಿನ ಬರಬೇಡಿ. ಅದರ ಹಿಂದಿನ ಶುಕ್ರವಾರ ಬನ್ನಿ. ಹಬ್ಬ ನಿಮ್ಮ ಸಿನಿಮಾದ ಮೊದಲ ದಿನವಾಗಬಾರದು, ನಾಲ್ಕನೆಯದೋ ಐದನೆಯದೋ ಆರನೆಯದೋ ದಿನವಾಗಬೇಕು. ಅದು ಸಾಧ್ಯವಾಗದಿದ್ದರೆ ಹಬ್ಬ ಕಳೆದು ಎರಡು ವಾರ ಬಿಟ್ಟು ಬನ್ನಿ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಾನು ಈ ಕಸುಬಿಗೆ ಬಂದದ್ದು ಪ್ರಿಂಟ್ ಪೆಟ್ಟಿಗೆಯ ಜೊತೆ ಊರೂರು ತಿರುಗುವ, ವಿತರಕರ ರೆಪ್ರೆಸೆಂಟೇಟಿವ್ ಆಗಿ. ಥಿಯೇಟರಿನ ಟಿಕೆಟ್ ಕೌಂಟರ್ ಪಕ್ಕ ಒಂದು ಮರದ ಸ್ಟೂಲು, ಕೈಯಲ್ಲಿ ಟಾರ್ಚು. ಇಂಟರ್ವಲ್‌ಗೆ ಮೊದಲು ಒಳಗೆ ಹೋಗಿ ಸಾಲು ಸಾಲಾಗಿ ತಲೆ ಎಣಿಸಬೇಕು, ಹರಿದ ಟಿಕೆಟ್ಟಿನ ಸಂಖ್ಯೆಗೆ ತಾಳೆ ನೋಡಬೇಕು, ರಾತ್ರಿ ಡಿಸಿಆರ್, ಅಂದರೆ ಆ ದಿನದ ಕಲೆಕ್ಷನ್ ಲೆಕ್ಕ, ಬರೆದು ಗಾಂಧಿನಗರದ ಆಫೀಸಿಗೆ ಫೋನಿನಲ್ಲಿ ಒಪ್ಪಿಸಬೇಕು. ಹಬ್ಬ ಎಂದರೆ ಏನು ಅನ್ನುವುದು ನನಗೆ ಅರ್ಥವಾದದ್ದು ಆ ಸ್ಟೂಲಿನ ಮೇಲೆ ಕೂತು.

ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಊರಿನ ಯುಗಾದಿ ಇನ್ನೂ ಕಣ್ಣ ಮುಂದಿದೆ. ಹೊಸ ಸಿನಿಮಾ, ಬಾಗಿಲಿಗೆ ಮಾವಿನ ತೋರಣ, ಕಟೌಟಿಗೆ ಹಾರ. ಬೆಳಗ್ಗೆ ಹತ್ತೂವರೆ ಶೋಗೆ ಬಂದವರು ಮೂವತ್ತೈದು ಜನ, ಅಷ್ಟೂ ಹುಡುಗರು. ಮಿಕ್ಕವರೆಲ್ಲ ಎಣ್ಣೆ ಸ್ನಾನ, ಬೇವು ಬೆಲ್ಲ, ಹೋಳಿಗೆ ಊಟದಲ್ಲಿದ್ದರು. ಮ್ಯಾಟಿನಿಯೂ ಅರೆಬರೆ. ಓನರ್ ಮುಖ ಸಪ್ಪಗಾಗಿತ್ತು. ಸಂಜೆ ಚಂದ್ರನನ್ನು ನೋಡುವ ಹೊತ್ತು ಕಳೆದ ಮೇಲೆ ಸೆಕೆಂಡ್ ಶೋಗೆ ಜನ ಬಂದರು. ನಿಜವಾದ ನೂಕುನುಗ್ಗಲು ಇದ್ದದ್ದು ಮಾರನೇ ದಿನ, ಹೊಸತೊಡಕಿನಂದು. ಮನೆಮನೆಯಲ್ಲಿ ಬಾಡೂಟ ಮುಗಿಸಿ, ನೆಂಟರನ್ನೂ ಕರೆದುಕೊಂಡು, ಮೂರು ಗಂಟೆಯ ಬಿಸಿಲಲ್ಲಿ ಗೇಟಿನ ಮುಂದೆ ನಿಂತಿದ್ದರು. ಬಾಲ್ಕನಿಗೆ ಹೆಚ್ಚುವರಿ ಕುರ್ಚಿ ಹಾಕಬೇಕಾಯಿತು.

ವರಮಹಾಲಕ್ಷ್ಮಿಯೂ ಹಾಗೆಯೇ. ಶುಕ್ರವಾರ ಬರುವ ಹಬ್ಬ, ಬಿಡುಗಡೆಯ ವಾರವೂ ಶುಕ್ರವಾರ, ಕೇಳಲು ಬಹಳ ಚೆಂದ. ಆದರೆ ಆ ದಿನ ಹೆಂಗಸರಿಗೆ ನಸುಕಿನಿಂದಲೇ ಕಲಶ, ಅಡುಗೆ, ಸಂಜೆಯಾದರೆ ಅರಿಶಿನ ಕುಂಕುಮಕ್ಕೆ ಬರುವವರು. ಸಂಜೆಯ ಫಸ್ಟ್ ಶೋನಲ್ಲಿ ಲೇಡೀಸ್ ಕ್ಯೂ ಖಾಲಿ ಹೊಡೆಯುತ್ತಿತ್ತು. ಶನಿವಾರದ ಮ್ಯಾಟಿನಿಗೆ ಅದೇ ಹೆಂಗಸರು ಹೊಸ ಸೀರೆಯಲ್ಲಿ ಗುಂಪುಗುಂಪಾಗಿ ಬರುತ್ತಿದ್ದರು. ನಿಮ್ಮದು ಮನೆಮಂದಿ ನೋಡುವ ಸಿನಿಮಾ. ಮನೆಯಲ್ಲಿ ಪೂಜೆ ಇರುವ ದಿನ ಮನೆಮಂದಿ ಹೊರಗೆ ಬರುವುದಿಲ್ಲ. ಆಯುಧಪೂಜೆಯೂ ಈ ಜಾತಿಯ ಹಬ್ಬವೇ. ಗಾಡಿ ತೊಳೆದು, ಬೂದುಗುಂಬಳ ಒಡೆದು, ಅಂಗಡಿ ಗ್ಯಾರೇಜುಗಳ ಪೂಜೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ದೀಪಾವಳಿ ಅಮಾವಾಸ್ಯೆಯ ಸಂಜೆ ಹುಬ್ಬಳ್ಳಿ, ದಾವಣಗೆರೆಯ ವ್ಯಾಪಾರಸ್ಥರ ಕುಟುಂಬಗಳು ಲಕ್ಷ್ಮೀಪೂಜೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಪೂಜೆಯ ಭಾರವಿಲ್ಲದ ರಜೆಗಳೇ ಬೇರೆ. ಆಗಸ್ಟ್ 15, ಅಕ್ಟೋಬರ್ 2, ಕ್ರಿಸ್‌ಮಸ್ ವಾರ, ಗುಡ್ ಫ್ರೈಡೇ, ಇವು ಬೆಳಗಿನ ಶೋದಿಂದಲೇ ಜನ ಕೊಡುತ್ತವೆ. ರಜೆ ಎಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅನ್ನುವುದಕ್ಕೆ ಇಷ್ಟು ಹೇಳಿದೆ.

ಇನ್ನೊಂದು ಸಂಗತಿ ಬೆಂಗಳೂರಿನದು. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿಗೆ ಹೋಗಿ ನೋಡಿ. ಕೆ.ಜಿ. ರಸ್ತೆಯ ಥಿಯೇಟರುಗಳ ಮುಂದೆ ಸಾವಿರಾರು ಜನ ಓಡಾಡುತ್ತಿರುತ್ತಾರೆ, ಎಲ್ಲರ ಹೆಗಲಲ್ಲೂ ಬ್ಯಾಗು, ಎಲ್ಲರ ಮುಖವೂ ಬಸ್ ಸ್ಟ್ಯಾಂಡಿನ ಕಡೆಗೆ. ಹೆಚ್ಚುವರಿ ಬಸ್ಸು ಬಿಟ್ಟರೂ ಸಾಲದು. ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಸಿನಿಮಾ ನೋಡುವ ಹುಡುಗ ಹುಡುಗಿಯರಲ್ಲಿ ದೊಡ್ಡ ಪಾಲು ಆ ಬಸ್ಸುಗಳಲ್ಲೇ ಊರಿಗೆ ಹೊರಟಿರುತ್ತದೆ. ಹಬ್ಬ ಪ್ರೇಕ್ಷಕರನ್ನು ಬೆಂಗಳೂರಿನಿಂದ ಎತ್ತಿ ಹಾಸನ, ತುಮಕೂರು, ಚಿತ್ರದುರ್ಗದಲ್ಲಿ ಇಳಿಸುತ್ತದೆ. ನಿಮ್ಮ ಸಿನಿಮಾಗೆ ಆ ಊರುಗಳಲ್ಲಿ ಥಿಯೇಟರ್ ಇದ್ದರೆ ಹಬ್ಬ ಲಾಭ. ಬೆಂಗಳೂರಿನ ಇಪ್ಪತ್ತು ಮಲ್ಟಿಪ್ಲೆಕ್ಸ್ ಮಾತ್ರ ಇದ್ದರೆ ಆ ಮೂರು ದಿನ ನಷ್ಟವೇ ಹೆಚ್ಚು. ವಿತರಕರ ಹತ್ತಿರ ಮೊದಲು ಕೇಳಬೇಕಾದದ್ದು ಈ ಪಟ್ಟಿಯನ್ನು.

ಇಲ್ಲಿಯವರೆಗೆ ಹೇಳಿದ್ದು ಜನರ ಕಡೆಯ ಮಾತು. ಸೀಟಿನ ಕಡೆಯ ಮಾತು ಇದಕ್ಕಿಂತ ಕಠಿಣ. ನಮ್ಮ ರಾಜ್ಯದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ಒಂದು ರಜೆ ಎಂದರೆ ಅದು ಐದು ಭಾಷೆಗಳ ರಜೆ. 2023ರ ದಸರಾ ವಾರ ನೆನಪಿಸಿಕೊಳ್ಳಿ. ಅಕ್ಟೋಬರ್ 19ರ ಒಂದೇ ದಿನ ಕನ್ನಡದ ‘ಘೋಸ್ಟ್’, ತಮಿಳಿನ ‘ಲಿಯೋ’, ತೆಲುಗಿನ ‘ಭಗವಂತ್ ಕೇಸರಿ’ ಬಂದವು. ಮಾರನೇ ದಿನ ತೆಲುಗಿನ ಇನ್ನೊಂದು, ಹಿಂದಿಯ ಮತ್ತೊಂದು. 2024ರ ಆಗಸ್ಟ್ 15ಕ್ಕೆ ಹಿಂದಿಯಿಂದಲೇ ಮೂರು, ತೆಲುಗಿನಿಂದ ಎರಡು, ತಮಿಳಿನಿಂದ ‘ತಂಗಲಾನ್’, ಕನ್ನಡದಿಂದ ‘ಕೃಷ್ಣಂ ಪ್ರಣಯ ಸಖಿ’ ಮತ್ತು ‘ಗೌರಿ’. ಪರದೆಗಳ ಸಂಖ್ಯೆ ಹಬ್ಬಕ್ಕೆಂದು ಹೆಚ್ಚುವುದಿಲ್ಲ. ಇಂಥ ವಾರದಲ್ಲಿ ಹೊಸಬರ ಸಿನಿಮಾಗೆ ಸಿಗುವುದು ಬೆಳಗ್ಗೆ ಒಂಬತ್ತೂವರೆಯ ಒಂದು ಶೋ, ಇಲ್ಲವೇ ರಾತ್ರಿ ಹತ್ತೂವರೆಯದು. ಹಬ್ಬದ ಬೆಳಗ್ಗೆ ಯಾರು ಬರುತ್ತಾರೆ ಎಂದು ಮೇಲೆ ಹೇಳಿದ್ದೇನೆ. ಆ ಶೋ ಖಾಲಿ ಹೋಯಿತೆಂದರೆ ಸೋಮವಾರದ ಹೊತ್ತಿಗೆ ಪ್ರೋಗ್ರಾಮಿಂಗ್ ಮಾಡುವವರು, ಅಂದರೆ ಯಾವ ಸಿನಿಮಾಗೆ ಎಷ್ಟು ಶೋ ಎಂದು ಹಂಚುವವರು, ನಿಮ್ಮ ಹೆಸರಿನ ಮುಂದಿನ ಸಂಖ್ಯೆ ನೋಡಿ ಮುಂದಿನ ವಾರದ ಶೋ ಕಿತ್ತುಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ, ಅವರ ಕೆಲಸವೇ ಅದು. ಆದರೆ ನಿಮ್ಮ ಸಿನಿಮಾ ಕೆಟ್ಟದು ಎಂದು ಅಲ್ಲಿ ತೀರ್ಪಾಗುತ್ತದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಜನ ನೋಡಿ ಬೇಡ ಎಂದಿದ್ದರೆ ಒಪ್ಪಬಹುದು. ಅವರು ನೋಡಲೇ ಇಲ್ಲ.

ಇದು ನನ್ನೊಬ್ಬನ ಅನುಭವ ಮಾತ್ರವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಲಿರಾನ್ ಐನಾವ್ ಅಲ್ಲಿನ 1985ರಿಂದ 1999ರವರೆಗಿನ ಗಲ್ಲಾಪೆಟ್ಟಿಗೆಯ ಲೆಕ್ಕ ಹಿಡಿದು ಇದೇ ಪ್ರಶ್ನೆ ಕೇಳಿದರು. ರಜೆಯ ವಾರಗಳಲ್ಲಿ ಕಲೆಕ್ಷನ್ ಜಿಗಿಯುವುದು ಜನರಿಗೆ ಬಿಡುವಿರುವುದರಿಂದಲೋ, ಒಳ್ಳೆಯ ದೊಡ್ಡ ಸಿನಿಮಾಗಳನ್ನೆಲ್ಲ ಆ ವಾರಗಳಿಗೇ ತಂದು ಸುರಿಯುವುದರಿಂದಲೋ? 2007ರಲ್ಲಿ ಪ್ರಕಟವಾದ ಅವರ ಉತ್ತರ ಹೀಗಿತ್ತು: ಜನರ ಆಸಕ್ತಿಯಲ್ಲಿ ಆಗುವ ಏರಿಳಿತ ಕಲೆಕ್ಷನ್ನಿನಲ್ಲಿ ಕಾಣುವ ಏರಿಳಿತಕ್ಕಿಂತ ಬಹಳ ಚಿಕ್ಕದು. ಉಳಿದ ಜಿಗಿತ ಆ ವಾರ ಬಂದ ಸಿನಿಮಾಗಳಿಂದಾದದ್ದು. 2010ರ ಇನ್ನೊಂದು ಲೇಖನದಲ್ಲಿ ಅವರು ಮತ್ತೂ ಮುಂದೆ ಹೋದರು. ದೊಡ್ಡ ರಜೆಗಳ ಸುತ್ತ ಬಿಡುಗಡೆಗಳು ಅತಿಯಾಗಿ ಗುಂಪುಗಟ್ಟಿವೆ, ಕೆಲವನ್ನು ಒಂದೆರಡು ವಾರ ಆಚೀಚೆ ಸರಿಸಿದರೆ ಗಳಿಕೆ ಹೆಚ್ಚುತ್ತದೆ ಎಂದರು. ಅಲ್ಲಿನದು ಬೇರೆ ಮಾರುಕಟ್ಟೆ, ಸರಿ. ಆದರೆ ನಮ್ಮ ಗಾಂಧಿನಗರದಲ್ಲಿ ಪಂಚಾಂಗ ಹಿಡಿದು ಎಲ್ಲರೂ ಒಂದೇ ದಿನಾಂಕಕ್ಕೆ ಬೆರಳಿಡುವುದನ್ನು ನೋಡಿದವರಿಗೆ ಈ ಮಾತು ತಮ್ಮದೇ ಅನ್ನಿಸುತ್ತದೆ.

ಈಗ ನೀವು ಕೇಳಬೇಕು: ‘ಕಾಂತಾರ’ ದಸರಾದಲ್ಲೇ ಬಂತಲ್ಲ? ಬಂತು. ಆದರೆ ಕ್ಯಾಲೆಂಡರ್ ತೆಗೆದು ನೋಡಿ. ಅದು ಬಿಡುಗಡೆಯಾದದ್ದು 2022ರ ಸೆಪ್ಟೆಂಬರ್ 30, ಶುಕ್ರವಾರ. ಪಕ್ಕದ ಪರದೆಗಳಲ್ಲಿ ಅದೇ ದಿನ ‘ಪೊನ್ನಿಯಿನ್ ಸೆಲ್ವನ್’ ಮೊದಲ ಭಾಗ, ಹಿಂದಿಯ ‘ವಿಕ್ರಮ್ ವೇದಾ’. ಆಯುಧಪೂಜೆ ಇದ್ದದ್ದು ಅಕ್ಟೋಬರ್ 4ರ ಮಂಗಳವಾರ, ವಿಜಯದಶಮಿ ಬುಧವಾರ. ಅಂದರೆ ಹಬ್ಬ ಸಿನಿಮಾದ ಐದನೇ ಮತ್ತು ಆರನೇ ದಿನ. ಶುಕ್ರವಾರ ನೋಡಿದವರು ಶನಿವಾರ ಆಫೀಸಿನಲ್ಲಿ, ಫೋನಿನಲ್ಲಿ, ಮನೆಯ ಜಗಲಿಯಲ್ಲಿ ಹೇಳಿದರು. ಸೋಮವಾರದ ಹೊತ್ತಿಗೆ ‘ಕೊನೆಯ ಇಪ್ಪತ್ತು ನಿಮಿಷ ನೋಡಲೇಬೇಕು’ ಎಂಬ ಮಾತು ಊರೆಲ್ಲ ಹಬ್ಬಿತ್ತು. ಆಗ ಬಂತು ರಜೆ. ಯಾವ ಸಿನಿಮಾಗೆ ಹೋಗುವುದು ಎಂಬ ಪ್ರಶ್ನೆಗೆ ಮನೆಯವರ ಹತ್ತಿರ ಉತ್ತರ ಸಿದ್ಧವಿತ್ತು. ಕನ್ನಡದಲ್ಲಿ ಮಾತ್ರ ಬಂದಿದ್ದ ಸಿನಿಮಾ ಎರಡು ವಾರ ಕಳೆದ ಮೇಲೆ ಹಿಂದಿ, ತೆಲುಗು, ತಮಿಳಿಗೆ ಹೋಯಿತು. ದೀಪಾವಳಿ ಅದಕ್ಕೆ ನಾಲ್ಕನೇ ವಾರದಲ್ಲಿ ಸಿಕ್ಕಿತು.

‘ಕೆಜಿಎಫ್’ ಮೊದಲ ಭಾಗದ್ದೂ ಅದೇ ಲೆಕ್ಕ. 2018ರ ಡಿಸೆಂಬರ್ 21, ಶುಕ್ರವಾರ. ಕರ್ನಾಟಕದಲ್ಲಿ ಯಶ್ ಅವರಿಗೆ ಅಭಿಮಾನಿಗಳಿದ್ದರು, ಮೊದಲ ದಿನದ ಚಿಂತೆ ಇರಲಿಲ್ಲ. ಉತ್ತರದಲ್ಲಿ ಅವರ ಹೆಸರು ಗೊತ್ತಿದ್ದವರು ಕಡಿಮೆ, ಎದುರಿಗೆ ಶಾರುಖ್ ಖಾನ್ ಅವರ ‘ಝೀರೋ’. ಕ್ರಿಸ್‌ಮಸ್ ಬಂದದ್ದು ಮಂಗಳವಾರ, ಐದನೇ ದಿನಕ್ಕೆ. ಅಷ್ಟರಲ್ಲಿ ಬಾಯಿಮಾತು ತನ್ನ ಕೆಲಸ ಮುಗಿಸಿತ್ತು.

ಮುಂದಿನದನ್ನು ಗಮನಿಸಿ. ಈ ಎರಡನ್ನೂ ನಿರ್ಮಿಸಿದ ಹೊಂಬಾಳೆ ಸಂಸ್ಥೆಯೇ ಅವುಗಳ ಇನ್ನೊಂದು ಭಾಗವನ್ನು ತಂದಾಗ ನೇರವಾಗಿ ರಜೆಯ ದಿನವೇ ತಂದಿತು. ‘ಕೆಜಿಎಫ್ 2’ ಬಂದದ್ದು 2022ರ ಏಪ್ರಿಲ್ 14ರ ಗುರುವಾರ. ಅಂಬೇಡ್ಕರ್ ಜಯಂತಿ, ಮಹಾವೀರ ಜಯಂತಿ, ತಮಿಳರ ಹೊಸ ವರ್ಷ, ಮಾರನೇ ದಿನ ಗುಡ್ ಫ್ರೈಡೇ, ಆಮೇಲೆ ಶನಿವಾರ, ಭಾನುವಾರ. ‘ಕಾಂತಾರ ಚಾಪ್ಟರ್ 1’ ಬಂದದ್ದು 2025ರ ಅಕ್ಟೋಬರ್ 2ರ ಗುರುವಾರ, ವಿಜಯದಶಮಿಯೂ ಗಾಂಧಿ ಜಯಂತಿಯೂ ಕೂಡಿಬಂದ ದಿನ. ಆ ಹೊತ್ತಿಗೆ ಈ ಹೆಸರುಗಳನ್ನು ಯಾರಿಗೂ ಪರಿಚಯಿಸಬೇಕಾಗಿರಲಿಲ್ಲ. ಟಿಕೆಟ್ ಕೊಳ್ಳಲು ಜನ ಮೊದಲೇ ಸಿದ್ಧರಿದ್ದರು, ಬೇಕಾದದ್ದು ಸತತ ನಾಲ್ಕು ದಿನದ ಬಿಡುವು ಅಷ್ಟೇ. ಪರಿಚಯವಿರುವವರು ಹಬ್ಬದ ಬಾಗಿಲು ನೇರ ತಟ್ಟಬಹುದು. ಪರಿಚಯ ಮಾಡಿಕೊಳ್ಳಬೇಕಾದವರಿಗೆ ನಾಲ್ಕು ದಿನ ಮುಂಚೆ ಬಂದು ಜಗಲಿಯಲ್ಲಿ ಕೂತು ಮಾತಾಡುವ ಸಮಯ ಬೇಕು.

ಹಬ್ಬವೇ ಇಲ್ಲದೆ ಗೆದ್ದವೂ ಇವೆ. ‘ಮುಂಗಾರು ಮಳೆ’ ಬಂದದ್ದು 2006ರ ಡಿಸೆಂಬರ್ 29ಕ್ಕೆ, ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30ಕ್ಕೆ. ‘777 ಚಾರ್ಲಿ’ 2022ರ ಜೂನ್ 10ರಂದು, ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಬಂತು. ನಿಮಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ‘ಸು ಫ್ರಮ್ ಸೋ’. 2025ರ ಜುಲೈ 25, ಭೀಮನ ಅಮಾವಾಸ್ಯೆಯ ಮಾರನೇ ದಿನ, ಸರ್ಕಾರಿ ರಜೆಯಿಲ್ಲದ ಶುಕ್ರವಾರ. ಸ್ಟಾರ್ ಇಲ್ಲ, ಊರಿನ ಕಥೆ. ಕೆಲವೇ ದಿನಗಳಲ್ಲಿ ಶೋಗಳು ಹೆಚ್ಚುತ್ತ ಹೋದವು. ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ ಬರುವಾಗ ಅದು ಎರಡು ವಾರ ಹಳೆಯ, ಎಲ್ಲರ ಬಾಯಲ್ಲೂ ಇರುವ ಸಿನಿಮಾ. ಆಗಸ್ಟ್ 14ರಂದು ‘ಕೂಲಿ’ ಮತ್ತು ‘ವಾರ್ 2’ ಬಂದು ಪರದೆಗಳನ್ನು ಹಿಡಿಯುವ ಮೊದಲು ಅದಕ್ಕೆ ಸುಮಾರು ಮೂರು ವಾರ ಸಿಕ್ಕಿತ್ತು. ಆ ಮೂರು ವಾರ ಯಾವ ಹಬ್ಬದ ವಾರಾಂತ್ಯಕ್ಕಿಂತಲೂ ದೊಡ್ಡ ಆಸ್ತಿ.

ನನ್ನ ವಾದಕ್ಕೆ ಒಗ್ಗದ ಉದಾಹರಣೆಯನ್ನೂ ಮುಚ್ಚಿಡಬಾರದು. ಮೇಲೆ ಹೇಳಿದ ‘ಕೃಷ್ಣಂ ಪ್ರಣಯ ಸಖಿ’ ಅಷ್ಟು ಕಿಕ್ಕಿರಿದ ಆಗಸ್ಟ್ 15ರಲ್ಲೇ ಬಂದು ಕುಟುಂಬದ ಪ್ರೇಕ್ಷಕರನ್ನು ಕರೆತಂದಿತು. ಗಣೇಶ್ ಅವರ ಹೆಸರಿತ್ತು, ಹಾಡುಗಳು ಬಿಡುಗಡೆಗೆ ಮೊದಲೇ ಜನರ ನಾಲಗೆಯ ಮೇಲಿದ್ದವು, ಮಾರನೇ ದಿನವೇ ವರಮಹಾಲಕ್ಷ್ಮಿ, ಅದರ ಬೆನ್ನಿಗೆ ವಾರಾಂತ್ಯ. ನಿಮ್ಮ ಸಿನಿಮಾದ ಒಂದು ಹಾಡು ಈಗಾಗಲೇ ಮದುವೆ ಮನೆಗಳಲ್ಲಿ, ಆಟೋಗಳಲ್ಲಿ ಕೇಳಿಬರುತ್ತಿದ್ದರೆ ನಾನು ಹೇಳಿದ್ದನ್ನು ಅರ್ಧ ಸಡಿಲಿಸಿಕೊಳ್ಳಬಹುದು. ಕೇಳಿಬರುತ್ತಿಲ್ಲವಾದರೆ ಬೇಡ.

ದುಡ್ಡಿನ ವಿಚಾರ. ನೀವು ಕೇಳಿದ್ದು ಜನ ಬರುತ್ತಾರಾ ಎಂದು. ಪತ್ರಿಕೆಯಲ್ಲಿ ಬರುವುದು ಕಲೆಕ್ಷನ್. ಎರಡೂ ಒಂದೇ ಅಲ್ಲ. ಹಬ್ಬದ ವಾರ ಮಲ್ಟಿಪ್ಲೆಕ್ಸುಗಳು ದರ ಏರಿಸುತ್ತವೆ. ನಾನೂರು ರೂಪಾಯಿಯ ಟಿಕೆಟ್ 150 ಜನ ಕೊಂಡರೂ 60,000, ಇನ್ನೂರು ರೂಪಾಯಿಯದು 300 ಜನ ಕೊಂಡರೂ 60,000. ಕಾಗದದ ಮೇಲೆ ಸಮ. ಆದರೆ ಎರಡನೆಯದರಲ್ಲಿ ನಿಮ್ಮ ಸಿನಿಮಾ ಬಗ್ಗೆ ಮಾತಾಡುವ ಬಾಯಿಗಳು ದುಪ್ಪಟ್ಟು. ನಿಮಗೆ ಬೇಕಾದದ್ದು ಆ ಬಾಯಿಗಳು. ಹಾಗಿದ್ದೂ ನಿರ್ಮಾಪಕರು ಮೊದಲ ವಾರಕ್ಕೆ ಯಾಕೆ ಮುಗಿಬೀಳುತ್ತಾರೆ ಎಂದರೆ ಪಾಲಿನ ಪದ್ಧತಿ ಹಾಗಿದೆ. 2009ರಲ್ಲಿ ಹಿಂದಿ ನಿರ್ಮಾಪಕರು, ವಿತರಕರು ಮಲ್ಟಿಪ್ಲೆಕ್ಸುಗಳ ಎದುರು ನಡೆಸಿದ ಮುಷ್ಕರದ ನಂತರ ಅವರಿಗೆ ಮಲ್ಟಿಪ್ಲೆಕ್ಸುಗಳು ಒಪ್ಪಿದ ಪಾಲು ಮೊದಲ ವಾರ ಶೇ 50, ಎರಡನೆಯದಕ್ಕೆ 42.5, ಮೂರನೆಯದಕ್ಕೆ 37.5, ಆಮೇಲೆ 30. ವಾರ ಕಳೆದಂತೆ ನಿರ್ಮಾಪಕರ ಕೈಗೆ ಬರುವುದು ಇಳಿಯುತ್ತದೆ. ಮೊದಲ ವಾರವೇ ಮೂರು ಪಟ್ಟು ಜನರನ್ನು ಎಳೆಯಬಲ್ಲ ಸ್ಟಾರ್ ಸಿನಿಮಾಗೆ ಹಬ್ಬ ಸರಿಯಾಗಿ ಹೊಂದುತ್ತದೆ. ನಿಮ್ಮಂಥ ಸಿನಿಮಾದ ಗಳಿಕೆ ಇರುವುದು ಎರಡನೇ ಮೂರನೇ ವಾರದಲ್ಲಿ. ಪಾಲು ಕಡಿಮೆಯಾದರೂ ಆ ವಾರಗಳು ಇರಬೇಕು. ಏಕಪರದೆ ಥಿಯೇಟರುಗಳಲ್ಲಿ ಇನ್ನೂ ಬಾಡಿಗೆ ಪದ್ಧತಿ ಇರುವ ಕಡೆ ಹಬ್ಬದ ವಾರದ ಬಾಡಿಗೆ ಎಷ್ಟು, ಸಾದಾ ವಾರದ್ದೆಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಜನ ಬರಲಿ ಬಿಡಲಿ, ಬಾಡಿಗೆ ನಿಮ್ಮ ಜೇಬಿನಿಂದ ಹೋಗುತ್ತದೆ.

ನಿಮ್ಮ ಸಿನಿಮಾಗೆ ಬರೋಣ. ಅಕ್ಟೋಬರ್ ಅಂದರೆ ಶಾಲೆಗಳಿಗೆ ದಸರಾ ರಜೆ. ಮಕ್ಕಳು ಅಜ್ಜಿಯ ಊರಲ್ಲಿ, ಬೆಂಗಳೂರಿನಿಂದ ಬಂದ ಅಣ್ಣ ತಮ್ಮಂದಿರು ತೋಟದ ಮನೆಯಲ್ಲಿ. ನಿಮ್ಮ ಕಥೆ ಹೇಳುತ್ತಿರುವುದು ಅವರದೇ ಮಾತು. ಆದ್ದರಿಂದ ಹಬ್ಬದ ಕಾಲ ನಿಮಗೆ ಬೇಕು, ಹಬ್ಬದ ದಿನ ಮಾತ್ರ ಬೇಡ. ಆಯುಧಪೂಜೆಯ ಹಿಂದಿನ ಶುಕ್ರವಾರ ತೆಗೆದುಕೊಳ್ಳಿ. ಹಬ್ಬಕ್ಕೆ ಎರಡೇ ದಿನ ಅಂತರ ಬೀಳುವಂತಿದ್ದರೆ ಇನ್ನೊಂದು ವಾರ ಹಿಂದಕ್ಕೆ ಹೋಗಿ. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಶೋಗಳನ್ನು ಅರ್ಧ ಬಿಟ್ಟುಕೊಟ್ಟು ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ಸಂಜೆಯ ಶೋ ಸಿಗುವ ಥಿಯೇಟರುಗಳನ್ನು ಹಿಡಿಯಿರಿ. ತೆಂಗಿನ ತೋಟದ ಪಾಲಿನ ಜಗಳ ಏನೆಂದು ಆ ಊರುಗಳಿಗೆ ವಿವರಿಸಬೇಕಿಲ್ಲ. ‘ಚಾರ್ಲಿ’ ತಂಡ ಬಿಡುಗಡೆಗೆ ಮೊದಲೇ ಹಲವು ನಗರಗಳಲ್ಲಿ ಪ್ರೀಮಿಯರ್ ಇಟ್ಟಿತ್ತು. ನೀವು ಮೂರು ಊರುಗಳಲ್ಲಿ ಇಟ್ಟರೂ ಸಾಕು, ಬುಧವಾರ ಮತ್ತು ಗುರುವಾರ, ಟಿಕೆಟ್ ಇಟ್ಟೇ ತೋರಿಸಿ. ಪುಕ್ಕಟೆ ನೋಡಿದವರು ನಯವಾಗಿ ಹೊಗಳುತ್ತಾರೆ, ದುಡ್ಡು ಕೊಟ್ಟು ನೋಡಿದವರು ಇದ್ದದ್ದನ್ನು ಹೇಳುತ್ತಾರೆ.

ವಿತರಕರ ಹತ್ತಿರ ಒಂದು ವಿಚಾರದಲ್ಲಿ ಜಗ್ಗಬೇಡಿ. ಹಬ್ಬಕ್ಕೆ ದೊಡ್ಡ ಸಿನಿಮಾ ಬಂದಾಗ ನಿಮ್ಮ ಎಷ್ಟು ಶೋ ಉಳಿಯುತ್ತದೆ ಎಂಬುದನ್ನು ಈಗಲೇ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಹತ್ತು ಥಿಯೇಟರುಗಳಲ್ಲಿ ದಿನಕ್ಕೆ ಒಂದೇ ಶೋ ಆದರೂ ಅದು ಸಂಜೆಯದಾಗಿರಲಿ. ಇದಕ್ಕೆ ಅವರು ಒಪ್ಪದಿದ್ದರೆ ದಸರಾ ಬಿಟ್ಟುಬಿಡಿ. ಹಬ್ಬ ಮುಗಿದು ಎರಡು ವಾರ ಆದ ಮೇಲೆ, ತಿಂಗಳ ಮೊದಲ ವಾರಕ್ಕೆ ಬೀಳುವ ಶುಕ್ರವಾರ ಆರಿಸಿ. ಹಬ್ಬದ ಖರ್ಚಿನಿಂದ ಬರಿದಾದ ಜೇಬಿಗೆ ಆಗ ಸಂಬಳ ಬಂದಿರುತ್ತದೆ. ಅಲ್ಲಿಂದಾಚೆ ಮಾತ್ರ ತಳ್ಳಬೇಡಿ, ನೀವು ಹೇಳಿದ ಬಡ್ಡಿ ಯಾವ ಹಬ್ಬಕ್ಕೂ ರಜೆ ತೆಗೆದುಕೊಳ್ಳುವುದಿಲ್ಲ.

ಏಳು ಜನರೂ ಮೊದಲ ಶುಕ್ರವಾರ ಬೆಂಗಳೂರಿನ ಮೇನ್ ಥಿಯೇಟರಿನ ಮುಂದೆ ಹಾರ ಹಿಡಿದು ನಿಲ್ಲಬೇಡಿ. ಒಬ್ಬೊಬ್ಬರು ಒಂದೊಂದು ಊರಿಗೆ ಹೋಗಿ. ಇಂಟರ್ವಲ್‌ಗೆ ಮೊದಲು ಒಳಗೆ ಹೋಗಿ ತಲೆ ಎಣಿಸಿ, ಹೆಂಗಸರೆಷ್ಟು, ಮಕ್ಕಳೆಷ್ಟು, ವಯಸ್ಸಾದವರೆಷ್ಟು ಎಂದು ಬರೆದಿಟ್ಟುಕೊಳ್ಳಿ. ಶುಕ್ರವಾರದ ಸಂಖ್ಯೆಗಿಂತ ಶನಿವಾರದ್ದು ಹೆಚ್ಚಿದ್ದು, ಸೋಮವಾರದ್ದು ಶುಕ್ರವಾರದ ಹತ್ತಿರಕ್ಕೆ ನಿಂತರೆ ಹಬ್ಬ ನಿಮ್ಮದು, ಆ ರಾತ್ರಿಯೇ ವಿತರಕರಿಗೆ ಫೋನ್ ಮಾಡಿ ಶೋ ಹೆಚ್ಚಿಸಲು ಕೇಳಿ. ಸೋಮವಾರದ ಡಿಸಿಆರ್ ಬಂದ ತಕ್ಷಣ ನನಗೂ ಒಂದು ಪ್ರತಿ ಕಳುಹಿಸಿ, ಮುಂದಿನ ವಾರ ಯಾವ ಊರು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಕೂತು ನೋಡೋಣ.